ಹೋಗುವಾಗ ಕಾಯಿ, ಬರುವಾಗ ಫೋನು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೂ ಬೆಂಗಳೂರಿಗೂ ನಡುವೆ ಒಂದು ವ್ಯಾಪಾರ ನಡೆಯುತ್ತಿದೆ. ಅದಕ್ಕೆ ಎಪಿಎಂಸಿ ಯಾರ್ಡಿಲ್ಲ, ಟೆಂಡರಿಲ್ಲ, ದಲಾಲಿ ಕಮಿಷನ್ನೂ ಇಲ್ಲ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದ ಮಕ್ಕಳು ವಾಪಸು ಹೊರಟಾಗ ಕಾರಿನ ಡಿಕ್ಕಿಗೆ ಅರ್ಧ ಚೀಲ ತೆಂಗಿನಕಾಯಿ ಬೀಳುತ್ತದೆ. ಅದರ ಮೇಲೆ ಒಂದಿಷ್ಟು ಕೊಬ್ಬರಿ ಗಿಟುಕು, ಅವರೆ ಕಾಲವಾದರೆ ಸೊಗಡಿನ ಕಾಯಿ, ಹಲಸಿನ ಕಾಲವಾದರೆ ಒಂದು ಹಣ್ಣು. "ಬೇಡ ಬಿಡಮ್ಮ, ಅಲ್ಲಿ ಯಾರು ತಿಂತಾರೆ" ಎನ್ನುವುದು ಬರೀ ಶಾಸ್ತ್ರಕ್ಕೆ. ಡಿಕ್ಕಿಯ ಬಾಗಿಲು ಆಗಲೇ ತೆರೆದಿರುತ್ತದೆ. ಮುಂದಿನ ಸಲ ಅದೇ ಕಾರು ಬಂದಾಗ ಅದರಿಂದ ಒಂದು ಹಳೆಯ ಫೋನು ಇಳಿಯುತ್ತದೆ. ಮಗ ಹೊಸದು ಕೊಂಡಿದ್ದಾನೆ, ಹಳೆಯದು ಅಪ್ಪನಿಗೆ. ಅಪ್ಪನ ಕೈಲಿದ್ದದ್ದು ಅಮ್ಮನಿಗೆ. ಅಮ್ಮನ ಕೈಲಿದ್ದದ್ದು, ಗಾಜು ಸೀಳಿ ಚಾರ್ಜು ಅರ್ಧ ದಿನಕ್ಕೆ ಇಳಿದ ಮೇಲೆ, ರಜೆಗೆ ಬಂದ ಮೊಮ್ಮಕ್ಕಳಿಗೆ. ಇಷ್ಟೆಲ್ಲ ಕೈ ದಾಟಿದ ಮೇಲೂ ಅದನ್ನು ಯಾರೂ ಎಸೆಯುವುದಿಲ್ಲ. ಅಟ್ಟಕ್ಕೆ ಹಾಕುತ್ತಾರೆ. ಅಟ್ಟದ ಮೇಲೆ ವರ್ಷ ಕಳೆದದ್ದಕ್ಕೆ ಬೆಲೆ ಬರುತ್ತದೆಂದು ಅಜ್ಜನ ಕಾಲದಿಂದ ಕಂಡವರು ನಾವು. ಕೊಬ್ಬರಿಗೆ ಸಲ್ಲುವ ನಿಯಮ ನೋಕಿಯಾಕ್ಕೂ ಸಂದೀತೆಂಬ ಆಸೆ.

'ನಂಟರು' ಎಂಬ ಹೆಸರಿನಲ್ಲೇ ಪ್ರಬಂಧಗಳ ಪುಸ್ತಕ ಕೊಟ್ಟ ತೀ.ನಂ. ಶ್ರೀಕಂಠಯ್ಯನವರು ಹುಟ್ಟಿದ್ದು ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ, 1906ರಲ್ಲಿ. ಅವರ ಕಾಲಕ್ಕೆ ಮನೆಗೆ ಬಂದು ಠಿಕಾಣಿ ಹೂಡುವವರೆಂದರೆ ನಂಟರೇ. ಈಗ ಠಿಕಾಣಿ ಹೂಡುವುದು ವಸ್ತುಗಳು. ಅವು ಬರುವುದೂ ಯಾರದೋ ಹೆಸರಿಗೆ, ಒದಗುವುದು ಇನ್ಯಾರಿಗೋ. ಫೋನಿನ ಜಾಹೀರಾತು ನೋಡಿ: ಇಪ್ಪತ್ತೈದರ ಹುಡುಗ ಹಿಮದ ಬೆಟ್ಟದ ತುದಿಯಲ್ಲಿ ನಿಂತು ತನ್ನ ಫೋಟೊ ತಾನೇ ತೆಗೆದುಕೊಳ್ಳುತ್ತಿರುತ್ತಾನೆ. ಸ್ಕೂಟರಿನ ಜಾಹೀರಾತಿನಲ್ಲೂ ಅವನೇ. ಆ ವಯಸ್ಸಿನ ಹುಡುಗ ನಮ್ಮೂರಿನಲ್ಲಿ ಇಲ್ಲ. ಪೀಣ್ಯದಲ್ಲೋ ವೈಟ್‌ಫೀಲ್ಡಿನಲ್ಲೋ ಇದ್ದಾನೆ. ತೋಟದಲ್ಲಿ ಉಳಿದಿರುವುದು ಅವನ ಅಪ್ಪ, ಅಮ್ಮ, ಚಿಕ್ಕಪ್ಪ, ಅತ್ತೆ. ಅರವತ್ತು ದಾಟಿದವರು, ಮಂಡಿ ನೋವಿನವರು. ವಸ್ತುಗಳು ಕೊನೆಗೆ ಬಂದು ಸೇರುವುದು ಇವರ ಕೈಗೆ.

ಕೈ ಎಂದೆ. ಮೊದಲ ತಕರಾರು ಅಲ್ಲಿಂದಲೇ. ನನ್ನ ಚಿಕ್ಕಪ್ಪ ಬದುಕಿಡೀ ಕಾಯಿ ಸುಲಿದವನು. ನೆಟ್ಟ ಹಾರೆಯ ಮೊನೆಗೆ ಕಾಯಿ ಗುದ್ದಿ, ಮಟ್ಟೆ ತಿರುವಿ ಬಿಡಿಸಿ ಬಿಡಿಸಿ ಅವನ ಬೆರಳ ತುದಿಗಳು ಜಡ್ಡುಗಟ್ಟಿವೆ. ಮಗ ಕೊಟ್ಟ ಟಚ್ ಸ್ಕ್ರೀನ್ ಫೋನನ್ನು ಮುಟ್ಟಿದರೆ ಅದು ಮಿಸುಕಲಿಲ್ಲ. ಚಿಕ್ಕಪ್ಪ ಒತ್ತಿದ. ಇನ್ನೂ ಒತ್ತಿದ. ಬಲಕ್ಕೆ ಬಗ್ಗದ ವಸ್ತುವನ್ನು ಅವನು ಕಂಡದ್ದು ಅದೇ ಮೊದಲು.

ಆ ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಂಥ ವಿದ್ಯುತ್ ವಾಹಕದ ಜಾಲವಿದೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುದಾವೇಶದಲ್ಲಿ ಚೂರು ವ್ಯತ್ಯಾಸವಾಗುತ್ತದೆ. ಎಲ್ಲಿ ವ್ಯತ್ಯಾಸವಾಯಿತೆಂದು ಅಳೆದು ಫೋನು ಬೆರಳಿನ ಜಾಗ ಲೆಕ್ಕ ಹಾಕುತ್ತದೆ. ಅಲ್ಲಿ ಬಲದ ಮಾತಿಲ್ಲ. ಚರ್ಮ ತುಸು ತೇವವಾಗಿ ತೆಳುವಾಗಿರಬೇಕು. ಒಣಗಿ ದಪ್ಪಗಟ್ಟಿದ ಬೆರಳು ಅದರ ಪಾಲಿಗೆ ಇದ್ದೂ ಇಲ್ಲ. 1965ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿ ಇ.ಎ. ಜಾನ್ಸನ್ ಇಂಥ ಪರದೆಯನ್ನು ಮೊದಲು ವಿವರಿಸಿದ್ದು ವಿಮಾನ ಸಂಚಾರ ನಿಯಂತ್ರಿಸುವವರಿಗಾಗಿ. ಕೂತು ಕೆಲಸ ಮಾಡುವವರ ನಯವಾದ ಬೆರಳು ಜಾನ್ಸನ್‌ರ ಎದುರಿಗಿತ್ತು. 2007ರಲ್ಲಿ ಐಫೋನ್ ಬಂದ ಮೇಲೆ ಅದೇ ಬೆರಳು ಜಗತ್ತಿನ ಅಳತೆಯಾಯಿತು. ಸುಲಿಯುವವನ ಬೆರಳನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಹಾಗೆಂದು ಚಿಕ್ಕಪ್ಪ ಸೋತನೇ? ಕಿರುಬೆರಳಿನ ಗೆಣ್ಣಿಗೆ ಸುಲಿಯುವ ಕೆಲಸದಲ್ಲಿ ಪಾಲಿಲ್ಲವಾದ್ದರಿಂದ ಅಲ್ಲಿನ ಚರ್ಮ ಇನ್ನೂ ಮೆತ್ತಗಿದೆ. ಈಗ ಅವನು ಬೆರಳು ಮಡಚಿ, ಬಾಗಿಲು ತಟ್ಟುವ ಭಂಗಿಯಲ್ಲಿ, ಗೆಣ್ಣಿನಿಂದ ಫೋನು ತಟ್ಟುತ್ತಾನೆ. ಟೈಪು ಮಾಡುವ ಗೋಜಿಗೆ ಹೋಗುವುದಿಲ್ಲ. ಮೈಕಿನ ಚಿಹ್ನೆ ತಟ್ಟಿ ಹಿಡಿದು, ಆಚೆ ತೋಟದವನಿಗೆ ಕೂಗುವ ಸ್ವರದಲ್ಲಿ ಮಾತಾಡುತ್ತಾನೆ. ಬೆಂಗಳೂರಿನ ಆಫೀಸಿನಲ್ಲಿ ಮಗ ಆ ವಾಯ್ಸ್ ಮೆಸೇಜು ತೆರೆದರೆ ಅಕ್ಕಪಕ್ಕದ ಟೇಬಲ್ಲಿನವರಿಗೂ ನಮ್ಮೂರಿನ ಮಳೆ ಸಮಾಚಾರ ತಿಳಿಯುತ್ತದೆ.

2003ರಲ್ಲಿ ಬಂದ ನೋಕಿಯಾ 1100 ನೆನೆದು ಅವನು ಈಗಲೂ ನಿಟ್ಟುಸಿರು ಬಿಡುತ್ತಾನೆ. ಧೂಳು ಹೋಗದ ಕೀಪ್ಯಾಡು, ತಲೆಯ ಮೇಲೊಂದು ಟಾರ್ಚು. ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವವನಿಗೆ ಇನ್ನೇನು ಬೇಕು? ಜಡ್ಡುಗಟ್ಟಿದ ಬೆರಳನ್ನು ಅದು ಯಾವತ್ತೂ ಗುರುತು ಹಿಡಿಯದೆ ಇರಲಿಲ್ಲ. ಈಗ ಫೋನಷ್ಟೇ ಅಲ್ಲ, ಹೆಬ್ಬೆಟ್ಟು ಕೇಳುವ ಕೌಂಟರುಗಳದ್ದೂ ಅದೇ ಹಾಡು. ಗೆರೆ ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಸಾಲಿನಲ್ಲಿ ನಿಂತವರೆಲ್ಲ ವೈದ್ಯರಾಗುತ್ತಾರೆ: ಕೈ ತೊಳಿ, ತಲೆಗೆ ಉಜ್ಜು, ಕೊಬ್ಬರಿ ಎಣ್ಣೆ ಹಚ್ಚು. ತೆಂಗು ಸವೆಸಿದ ಬೆರಳಿಗೆ ತೆಂಗಿನ ಎಣ್ಣೆಯೇ ಮದ್ದು. ಹಿಂದೆ ಓದು ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಹೆಬ್ಬೆಟ್ಟೂ ನಡೆಯದವರು ಫೋನಿಗೆ ಬಂದ ಓಟಿಪಿ ಓದಿ ಹೇಳಬೇಕು.

ಮುಟ್ಟಬೇಕಾಗಿಲ್ಲದ ವಸ್ತುಗಳು ನಮ್ಮಲ್ಲಿ ಬೇಗ ಗೆಲ್ಲುತ್ತವೆ. ಬಿ.ಎಚ್. ರಸ್ತೆಯ ಪಕ್ಕ ಎಳನೀರು ಮಾರುವವನ ಗಾಡಿಯಲ್ಲಿ ದುಡ್ಡು ಬಂತೆಂದು ಕೂಗುವ ಪುಟ್ಟ ಡಬ್ಬಿ ಇದೆಯಲ್ಲ, ಅದನ್ನು ಮಾಡಿದವನು ಯಾರೋ ನಮ್ಮ ಕಡೆಯವನ ಕೈ ನೋಡಿಯೇ ಮಾಡಿರಬೇಕು. ಒಂದು ಕೈಲಿ ಮಚ್ಚು, ಇನ್ನೊಂದರಲ್ಲಿ ಬುರುಡೆ, ಮೊಳಕೈವರೆಗೆ ನೀರು. ಅವನು ಫೋನು ತೆಗೆದು ನೋಡುವುದುಂಟೆ? ಡಬ್ಬಿ ಕನ್ನಡದಲ್ಲಿ ರೂಪಾಯಿ ಹೇಳುತ್ತದೆ, ಅವನು ತಲೆಯಾಡಿಸುತ್ತಾನೆ, ಗಿರಾಕಿ ಹೊರಡುತ್ತಾನೆ.

ಇನ್ನು ಮೋಟಾರಿನ ಕಥೆ. ತೋಟದ ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ, ಅದರಲ್ಲಿ ಒಂದು ಪಾಳಿ ನಡುರಾತ್ರಿಗೆ ಬೀಳುವುದೇ ಹೆಚ್ಚು. ಮುಂಚೆ ಕರೆಂಟು ಬಂದರೆ ಊರಿಗೇ ಗೊತ್ತಾಗುತ್ತಿತ್ತು. ಒಬ್ಬ ಇನ್ನೊಬ್ಬನ ಬಾಗಿಲಲ್ಲಿ ನಿಂತು "ಕರೆಂಟು ಬಂತು ಕಣ್ಲಾ, ಎದ್ದೇಳೋ" ಎಂದು ಕೂಗುವುದು, ಇಬ್ಬರೂ ಟಾರ್ಚು ಹಿಡಿದು ಹಾವು ಚೇಳು ಬೈದುಕೊಂಡು ತೋಟಕ್ಕೆ ಹೋಗುವುದು. ಆಮೇಲೆ ಸಿಮ್ ಹಾಕುವ ಸ್ಟಾರ್ಟರು ಬಂತು. ಪುಣೆಯ ಸಂತೋಷ್ ಓಸ್ತ್ವಾಲ್ ಎಂಬ ಎಂಜಿನಿಯರು 'ನ್ಯಾನೋ ಗಣೇಶ್' ಹೆಸರಿನಲ್ಲಿ ಇಂಥದ್ದೊಂದನ್ನು ಮಾಡಿ ಹೆಸರಾದರು. ಅದರ ದಾಯಾದಿಗಳು ಈಗ ಊರೂರ ಅಂಗಡಿಯಲ್ಲಿವೆ. ಹಾಸಿಗೆಯಲ್ಲಿ ಮಲಗಿಯೇ ಬೋರ್‌ವೆಲ್ಲಿಗೆ ಫೋನು ಮಾಡಬಹುದು. ಅದು ಶುರುವಾಗುತ್ತದೆ, ಇನ್ನೊಂದು ಫೋನಿಗೆ ನಿಲ್ಲುತ್ತದೆ. ಮನೆಯಲ್ಲಿ ಸಿಮ್ ಇರುವವರ ಲೆಕ್ಕ ಹಾಕಿದರೆ ಬೋರ್‌ವೆಲ್ಲೂ ಒಬ್ಬ. ಅದಕ್ಕೂ ರೀಚಾರ್ಜು ಮಾಡಿಸಬೇಕು. ಪರ್ಸನಲ್ ಲೋನು ಬೇಕಾ ಎಂದು ಅದಕ್ಕೂ ಫೋನು ಬರುತ್ತದೆ. ಐನೂರು ಅಡಿ ಇಳಿದರೂ ನೀರು ಸಿಗದ ಬೋರಿಗೆ ಸಾಲ ಬೇಕಾಗಿಯೇ ಇರುತ್ತದೆ ಎಂಬುದು ಬೇರೆ ಮಾತು.

ಈ ಸ್ಟಾರ್ಟರು ಮನೆಗೆ ಬಂದ ದಿನ ಚಿಕ್ಕಪ್ಪ ಒಂದು ಪ್ರಶ್ನೆ ಕೇಳಿದ. ಮಗ ಡಬ್ಬಿ ಬಿಚ್ಚಿ, ಅದರ ಗುಣಗಳನ್ನೆಲ್ಲ ವರ್ಣಿಸಿ, ಇನ್ನೇನು ಗೋಡೆಗೆ ಮೊಳೆ ಹೊಡೆಯಬೇಕು. ಚಿಕ್ಕಪ್ಪ ಕೇಳಿದ: "ಎಲ್ಲಾ ಸರಿ ಕಣಪ್ಪ. ಇದು ಬಂದ್ರೆ ಯಾರು ಬರೋದು ನಿಲ್ತದೆ?"

ಬೆಲೆ ಎಷ್ಟು ಎಂದು ಕೇಳಲಿಲ್ಲ, ಎಷ್ಟು ವರ್ಷ ವಾರಂಟಿ ಎಂದೂ ಕೇಳಲಿಲ್ಲ. ಮಗ ನಕ್ಕ. ಉತ್ತರ ಆರು ತಿಂಗಳಲ್ಲಿ ತಾನಾಗಿಯೇ ಬಂತು. ರಾತ್ರಿ ಬಾಗಿಲಲ್ಲಿ ಕೂಗುತ್ತಿದ್ದ ಪಕ್ಕದ ತೋಟದವನು ಬರುವುದು ನಿಂತಿತು. ಅವನ ಮನೆಗೂ ಅದೇ ಡಬ್ಬಿ ಬಂದಿತ್ತು. ಬದುವಿನ ಮೇಲೆ ಕೂತು ಎಳೆಯುತ್ತಿದ್ದ ಬೀಡಿ, ಯಾವ ಮರಕ್ಕೆ ಕೆಂಪು ಮೂತಿ ಹುಳು ಬಿದ್ದಿದೆ, ಯಾರ ಮಗಳಿಗೆ ಗಂಡು ಗೊತ್ತಾಯಿತು ಎಂಬ ಸುದ್ದಿ, ಎಲ್ಲ ಒಟ್ಟಿಗೆ ನಿಂತವು. ಅವನಿಗೂ ಚಿಕ್ಕಪ್ಪನಿಗೂ ಜಗಳವಿಲ್ಲ. ಭೇಟಿಯಾಗಲು ಕಾರಣವಿಲ್ಲ, ಅಷ್ಟೆ. ರಾತ್ರಿ ಹಾವಿನ ಭಯವೂ ಇಲ್ಲ, ಅದನ್ನೂ ಹೇಳಬೇಕು. ಅರವತ್ತೈದರ ಮಂಡಿಗೆ ರಾತ್ರಿ ಎರಡು ಗಂಟೆಯ ತೋಟ ಬೇಕಿರಲಿಲ್ಲ.

ಆವತ್ತಿನಿಂದ ಯಾವ ಹೊಸ ವಸ್ತು ಕಂಡರೂ ನನಗೆ ಈ ಪ್ರಶ್ನೆಯೇ ನಾಲಿಗೆ ತುದಿಗೆ ಬರುತ್ತದೆ. ಅಂಗಡಿಯವನು ಮೆಗಾಪಿಕ್ಸೆಲ್ಲು, ಜಿಬಿ, ಆಂಪಿಯರು ಎಂದು ಪಠಿಸುತ್ತಿದ್ದರೆ ನನ್ನ ಲೆಕ್ಕ ಬೇರೆ ಕಡೆ ನಡೆದಿರುತ್ತದೆ. ಎಲ್ಲ ಸಲವೂ ಉತ್ತರ ಬೇಸರದ್ದೇ ಆಗಬೇಕಿಲ್ಲ. ಕೆಲವರು ಬರುವುದು ನಿಂತರೆ ಒಳ್ಳೆಯದೇ.

ಉದಾಹರಣೆಗೆ ಊರೂರು ತಿರುಗಿ ಅಟ್ಟ ಇಣುಕುತ್ತಿದ್ದ ಕೊಬ್ಬರಿ ವ್ಯಾಪಾರಿ. ನಮ್ಮ ಕಡೆ ಬಲಿತ ಕಾಯಿಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತದೆ: ಗುಳುಗುಳು ಎಂದರೆ ಒಳಗಿನ್ನೂ ನೀರಿದೆ, ಲೊಡಲೊಡ ಎಂದರೆ ಗಿಟುಕು ಚಿಪ್ಪು ಬಿಟ್ಟಿದೆ. ಕೊಬ್ಬರಿ ಆದದ್ದು ಕಿವಿಗೆ ತಿಳಿಯುತ್ತಿತ್ತು, ತಿಪಟೂರಿನ ರೇಟು ಮಾತ್ರ ತಿಳಿಯುತ್ತಿರಲಿಲ್ಲ. ಬಾಗಿಲಿಗೆ ಬಂದವನು ಹೇಳಿದ್ದೇ ಧಾರಣೆ. 2014ರಲ್ಲಿ ರಾಜ್ಯದ ಮಾರುಕಟ್ಟೆಗಳನ್ನು ಕಂಪ್ಯೂಟರಿನಲ್ಲಿ ಬೆಸೆಯುವ ಏಕೀಕೃತ ವೇದಿಕೆ ಬಂತು. ಯಾರ್ಡಿನ ಲಾಟುಗಳಿಗೆ ವರ್ತಕರು ಆನ್‌ಲೈನಿನಲ್ಲಿ ಬೆಲೆ ಬರೆಯತೊಡಗಿದರು. ಟೆಂಡರು ಮುಗಿದ ಗಳಿಗೆಗೇ ಆವತ್ತಿನ ಧಾರಣೆ ವಾಟ್ಸಾಪಿಗೆ ಬೀಳುತ್ತದೆ. ಬಾಗಿಲ ವ್ಯಾಪಾರಿ ಈಗ ಬಂದರೂ ಸುಳ್ಳು ಹೇಳುವುದಿಲ್ಲ, ಹೇಳಿದರೆ ಚಿಕ್ಕಪ್ಪ ಗೆಣ್ಣಿನಿಂದ ತಟ್ಟಿ ತೋರಿಸುತ್ತಾನೆ.

ಆದರೆ ರೇಟು ತಿಳಿದ ಮಾತ್ರಕ್ಕೆ ಮಾರುವ ಗಳಿಗೆ ತಿಳಿಯಿತೆಂದಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರಿನ ಪೇಟೆ 9,000ಕ್ಕಿಂತ ಕೆಳಗೆ ಬಿತ್ತು. ಫೋನು ಆ ಬೀಳುವಿಕೆಯನ್ನು ವಾರವಾರವೂ ತಪ್ಪದೆ ತೋರಿಸಿತು. ನೋಡಿ ನೋಡಿ ಸಾಕಾದವರು ಅಟ್ಟ ಖಾಲಿ ಮಾಡಿದರು. ಮರ ಕಡಿದು ಅಡಿಕೆ ಇಡುತ್ತೇನೆ ಎಂದವರೂ ಇದ್ದರು. 2025ಕ್ಕೆ ಬೆಂಬಲ ಬೆಲೆ 12,100. ಪೇಟೆಯ ಧಾರಣೆ ಅದರ ಎರಡು ಪಟ್ಟನ್ನೂ ದಾಟಿ ಹೋಯಿತು. ಆಗ ಕೊಬ್ಬರಿ ಇದ್ದವರೂ ಮಾರಲಿಲ್ಲ, ನಾಳೆ ಇನ್ನೂ ಏರುತ್ತದೆಂದು ಫೋನು ನೋಡುತ್ತಾ ಕೂತರು. ಅಟ್ಟದ ಕೊಬ್ಬರಿ ಕೌಟಾದೀತೆಂಬ ಚಿಂತೆಯೂ ಬರದಷ್ಟು ಆ ಗಾಜಿನ ಮೇಲೆ ಕಣ್ಣು. ಮುಂಚೆ ಸುಳ್ಳು ಹೇಳುವವನ ಮಾತು ಕೇಳಿ ಮೋಸ ಹೋಗುತ್ತಿದ್ದೆವು. ಈಗ ನಿಜ ಗೊತ್ತಿದ್ದೂ ಕೂತಿರುತ್ತೇವೆ.

ರೇಟು ಏರಿದ ವರ್ಷವೇ ಕ್ಯಾಮೆರಾಗಳೂ ಏರಿದವು, ತೋಟದ ಕಂಬಗಳಿಗೆ. ಬಿದ್ದ ಕಾಯಿಯನ್ನು ದಾರಿಹೋಕರು ಎತ್ತಿಕೊಂಡರೆ ಯಾರೂ ಕೇಳದಿದ್ದ ಕಾಲವೊಂದಿತ್ತು. ಕಾಯಿಯ ಬೆಲೆ ಏರಿದಾಗ ಕಳ್ಳನಿಗೂ ಕೊಬ್ಬರಿಯ ಧಾರಣೆ ವಾಟ್ಸಾಪಿನಲ್ಲೇ ಸಿಗುತ್ತದೆ. ಮೇಲೊಂದು ಸೋಲಾರ್ ಹಲಗೆ, ಹೊಟ್ಟೆಯೊಳಗೊಂದು ಸಿಮ್ ಇರುವ ಕ್ಯಾಮೆರಾ. ಎದುರಿಗೆ ಏನಾದರೂ ಅಲುಗಿದರೆ ಬೆಂಗಳೂರಿನಲ್ಲಿರುವ ಮಗನ ಫೋನು ಗುಂಯ್ ಎನ್ನುತ್ತದೆ. ತೆಂಗಿನ ತೋಟದಲ್ಲಿ ಅಲುಗದೆ ಇರುವುದು ಯಾವುದು? ಒಣಗರಿ ಬಿದ್ದರೆ ಕಳ್ಳ. ಕುರುಂಬಾಳೆ ಉದುರಿದರೆ ಕಳ್ಳ. ಕೋತಿ ಇಳಿದರಂತೂ ಗುಂಪುಗಟ್ಟಿ ಬಂದ ಕಳ್ಳರು. ಒಂದು ರಾತ್ರಿ ಮಗ ಗಾಬರಿಯಿಂದ ಫೋನು ಮಾಡಿದ, ತೋಟದಲ್ಲಿ ಟವೆಲು ಸುತ್ತಿಕೊಂಡ ಯಾರೋ ಓಡಾಡುತ್ತಿದ್ದಾರೆಂದು. ಟವೆಲು ಸುತ್ತಿಕೊಂಡವನೇ ಫೋನು ಎತ್ತಿದ. ಸ್ವಂತ ತೋಟದಲ್ಲಿ ಅಪರಿಚಿತ ವ್ಯಕ್ತಿ ಎಂಬ ಬಿರುದು ಪಡೆದ ಚಿಕ್ಕಪ್ಪ ಆ ಚಿತ್ರವನ್ನು ಈಗಲೂ ಎಲ್ಲರಿಗೂ ತೋರಿಸುತ್ತಾನೆ.

ಕ್ಯಾಮೆರಾ ಬಂದ ಮೇಲೆ ಕಳ್ಳರು ಬರುವುದು ನಿಂತಿತೋ ಇಲ್ಲವೋ, ಇನ್ನೊಬ್ಬರು ಬರುವುದು ಕಡಿಮೆಯಾಯಿತು. "ಯಾಕಪ್ಪಾ, ಹಬ್ಬಕ್ಕೂ ಬರಲಿಲ್ಲ" ಎಂದರೆ ಮಗ ಹೇಳುವುದು: "ದಿನಾ ನೋಡ್ತಾನೇ ಇರ್ತೀನಲ್ಲಪ್ಪ." ನಿಜವೇ. ಅಪ್ಪ ಎಷ್ಟು ಹೊತ್ತಿಗೆ ತೋಟಕ್ಕೆ ಬಂದ, ಯಾವ ಮರದ ಬುಡಕ್ಕೆ ಮಣ್ಣು ಏರಿಸಿದ, ಎಲ್ಲ ಅವನಿಗೆ ಕಂಡಿದೆ. ನೋಡಿದ್ದು ಹೋಗಿ ಬಂದಷ್ಟೇ ಆಯಿತೆಂದು ಅವನ ಮನಸ್ಸು ಲೆಕ್ಕ ಬರೆದುಕೊಂಡಿದೆ. ಅಪ್ಪನಿಗೆ ಮಾತ್ರ ಮಗ ಕಂಡಿಲ್ಲ. ಕ್ಯಾಮೆರಾಕ್ಕೆ ಒಂದೇ ಕಡೆ ಕಣ್ಣು.

ಎಲ್ಲ ಕ್ಯಾಮೆರಾವೂ ಹೀಗಲ್ಲ. ನಮ್ಮ ಪಕ್ಕದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತವರ ತಂಡ ಮರಕ್ಕೆ ಕಟ್ಟಿದ ಕ್ಯಾಮೆರಾಗಳಿಗೆ ಚಿಂಕಾರ ಎಂಬ ಹುಲ್ಲೆ ಸಿಕ್ಕಿತು. ಇಷ್ಟು ದಕ್ಷಿಣಕ್ಕೆ ಅದು ಇದೆಯೆಂದು ಹೊರಗಿನವರಿಗೆ ಚಿತ್ರದ ಪುರಾವೆ ಇರಲಿಲ್ಲ. 2019ರಲ್ಲಿ ಆ ಕಾಡು ಚಿಂಕಾರ ವನ್ಯಧಾಮವಾಯಿತು. ಅಲ್ಲಿ ಕ್ಯಾಮೆರಾ ಬಂದದ್ದರಿಂದ ಯಾರೂ ಬರುವುದು ನಿಲ್ಲಲಿಲ್ಲ. ಲೆಕ್ಕದಲ್ಲಿ ಇಲ್ಲದವರು ಲೆಕ್ಕಕ್ಕೆ ಬಂದರು. ಚಿಕ್ಕಪ್ಪನ ಪ್ರಶ್ನೆಗೆ ಇಂಥ ಉತ್ತರ ಬರುವುದು ಅಪರೂಪ.

ಇನ್ನೊಂದು ಅಪರೂಪದ ಉತ್ತರ ನೊಣವಿನಕೆರೆಯ ಕಡೆಯ ನಮ್ಮ ಅತ್ತೆಯದು. ತೆಂಗಿನ ಸೀಮೆಯ ರಾಜವಾಹನವೆಂದರೆ ಟಿವಿಎಸ್. 1980ರಲ್ಲಿ ಹೊಸೂರಿನಿಂದ ಬಂದ ಟಿವಿಎಸ್ 50, ಆಮೇಲೆ ಅದರ ಮಕ್ಕಳು ಎಕ್ಸ್‌ಎಲ್. ಹಿಂದೆ ಎರಡು ಚೀಲ ಕಾಯಿ, ಮುಂದೆ ಹಿಂಡಿ ಮೂಟೆ, ಅದರ ಮೇಲೊಂದು ಮಗು. ಅದನ್ನು ಓಡಿಸಿದ್ದು ಗಂಡಸರೇ. ಅತ್ತೆ ಹಿಂದೆ ಕೂರುವವಳು, ಅಥವಾ ಹಿಂದೆ ಕೂರಲು ಕರೆಯುವವರಿಗಾಗಿ ಕಾಯುವವಳು. ತಿಪಟೂರಿನ ಆಸ್ಪತ್ರೆಗೆ, ಕಿಬ್ಬನಹಳ್ಳಿ ಕ್ರಾಸಿನ ಬಸ್ಸಿಗೆ, ತವರಿಗೆ, ಎಲ್ಲದಕ್ಕೂ ಯಾರಾದರೂ ಹುಡುಗರನ್ನು ಕಾಡಬೇಕು. ಹುಡುಗರು ಊರು ಬಿಟ್ಟ ಮೇಲೆ ಕಾಡುವುದಕ್ಕೂ ಯಾರೂ ಇಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾಯಿತು. ಟಿಕೆಟ್ಟಿನ ಚಿಂತೆ ಕಳೆಯಿತು, ಬಸ್ ಸ್ಟಾಪಿನವರೆಗಿನ ದಾರಿ ಹಾಗೇ ಉಳಿಯಿತು.

ಮಗಳು ಬೆಂಗಳೂರಿನಲ್ಲಿ ಬಳಸಿ ಬಿಟ್ಟ ಪುಟ್ಟ ಬ್ಯಾಟರಿ ಸ್ಕೂಟರೊಂದು ಹೀಗೇ ಊರಿಗೆ ಬಂತು. ಗೇರಿಲ್ಲ, ಕಿಕ್ಕಿಲ್ಲ, ಸದ್ದಿಲ್ಲ. 250 ವಾಟಿನ ಒಳಗೆ, ಗಂಟೆಗೆ 25 ಕಿಲೋಮೀಟರ್ ಮೀರದ ಬಂಡಿಗೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಅತ್ತೆ ಮೊದಲು ಅಂಗಳದಲ್ಲಿ ಸುತ್ತು ಹಾಕಿದಳು, ಆಮೇಲೆ ಕೆರೆ ಏರಿಯ ಮೇಲೆ. ಸದ್ದಿಲ್ಲದ ಬಂಡಿಗೆ ಬೀದಿ ನಾಯಿಗಳು ಮೊದಮೊದಲು ಏಳುತ್ತಲೇ ಇರಲಿಲ್ಲ, ಅತ್ತೆ ಹಾರನ್ನಿನ ಬದಲು ಬೈದುಕೊಂಡೇ ಹೋಗಬೇಕಿತ್ತು. ರಾತ್ರಿ ಅಡುಗೆಮನೆಯ ಕಿಟಕಿಯಿಂದ ವೈರು ಎಳೆದು ಚಾರ್ಜಿಗೆ ಹಾಕುತ್ತಾಳೆ. ಕರೆಂಟು ಹೋದ ರಾತ್ರಿಯ ಮರುದಿನ ಮನೆಯಲ್ಲೇ ಇರುತ್ತಾಳೆ. ಎರಡು ಚೀಲ ಕಾಯಿ ಹೇರಿದರೆ ಬಂಡಿ ಏಳುವುದಿಲ್ಲ, ಆ ಕೆಲಸಕ್ಕೆ ಎಕ್ಸ್‌ಎಲ್‌ನ ಪಟ್ಟ ಅಲುಗಿಲ್ಲ. ಆದರೆ ಚಿಕ್ಕಪ್ಪನ ಪ್ರಶ್ನೆ ಇಲ್ಲಿ ಕೇಳಿದರೆ ಉತ್ತರ ಇಷ್ಟೇ: ಅತ್ತೆ ಇನ್ನೊಬ್ಬರ ಬಾಗಿಲಿಗೆ ಬಂದು ಹಲ್ಲು ಗಿಂಜುವುದು ನಿಂತಿತು. ಬ್ಯಾಟರಿ ಎಷ್ಟು ಕಿಲೋಮೀಟರು ಕೊಡುತ್ತದೆ ಎಂಬುದು ಅವಳಿಗೆ ಆಮೇಲಿನ ಮಾತು.

ಹಸಿರು ವಾಹನವೆಂದು ಇದನ್ನು ಹೊಗಳುವವರಿಗೆ ನಮ್ಮ ಜಿಲ್ಲೆಯಲ್ಲಿ ಒಂದು ಆಧಾರವಿದೆ. ಇದೇ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಬರದ ನೆಲವನ್ನು ರೈತರಿಂದ ಗುತ್ತಿಗೆಗೆ ಪಡೆದು 2,050 ಮೆಗಾವಾಟಿನ ಸೋಲಾರ್ ಪಾರ್ಕು ಕಟ್ಟಿದ್ದಾರೆ. ಅಲ್ಲಿ ಬಿಸಿಲೇ ಬೆಳೆ. ಆದರೆ ಅತ್ತೆ ಚಾರ್ಜಿಗೆ ಹಾಕುವುದು ರಾತ್ರಿ; ಆ ಹೊತ್ತಿಗೆ ಪಾವಗಡದಲ್ಲಿ ಸೂರ್ಯ ಇರುವುದಿಲ್ಲ. ಅವಳ ಬಂಡಿ ಎಷ್ಟು ಹಸಿರು, ಎಷ್ಟು ಕಲ್ಲಿದ್ದಲು ಎಂಬ ಪಂಚಾಯಿತಿಯನ್ನು ಹಗಲು ಹೊತ್ತು ಚಾರ್ಜು ಮಾಡುವವರು ಮಾಡಲಿ.

ಹಸಿರಿನ ದೊಡ್ಡಣ್ಣನೆಂದರೆ ರೈಲು. ಗುಬ್ಬಿಯಿಂದ ತಿಪಟೂರಿನ ಮೇಲೆ ಹರಿಹರಕ್ಕೆ ಹಳಿ ಬಿದ್ದದ್ದು 1889ರಲ್ಲಿ. ಕಲ್ಲಿದ್ದಲು ತಿಂದ ಎಂಜಿನ್ನು, ಡೀಸೆಲ್ ಕುಡಿದ ಎಂಜಿನ್ನು ಹೋಗಿ ಈಗ ಮೇಲಿನ ತಂತಿಯಿಂದ ಕರೆಂಟು ಹೀರುವ ಎಂಜಿನ್ನು ಬಂದಿದೆ. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದಾಗ ಊರವರು ಫೋನು ಎತ್ತಿ ಹಿಡಿದು ವಿಡಿಯೊ ಮಾಡಿದರು. ತಿಪಟೂರಿನಲ್ಲಿ ಅದಕ್ಕೆ ನಿಲುಗಡೆ ಕೊಟ್ಟಿರಲಿಲ್ಲ. ವಿಡಿಯೊದಲ್ಲಿ ಒಂದು ಬಿಳಿ ಗೆರೆ ಸರ್ರನೆ ಹೋಗುವುದಷ್ಟೇ ಕಾಣುತ್ತದೆ. ಇದು ಬಂದ್ರೆ ಯಾರು ಬರೋದು ನಿಲ್ತದೆ ಎಂದು ಚಿಕ್ಕಪ್ಪನನ್ನು ಕೆಣಕಿದೆ. "ಇದು ಬಂದ್ರೂ ಇದೇ ನಿಲ್ಲಲ್ವಲ್ಲೋ, ಬೇರೆಯವರ ಮಾತ್ಯಾಕೆ" ಎಂದ.

ಇಷ್ಟೆಲ್ಲ ಬಂದರೂ ನಮಗೆ ಬೇಕಾದದ್ದು ಮಾತ್ರ ಇನ್ನೂ ಬಂದಿಲ್ಲ. ಮರ ಹತ್ತುವ ಯಂತ್ರ. ತಿಪಟೂರು ಟಾಲ್ ತಳಿ ಹೆಸರಿಗೆ ತಕ್ಕಂತೆ ಎತ್ತರ. ಹತ್ತುವವರು ವರ್ಷ ವರ್ಷ ಕಡಿಮೆಯಾದರು. ಕೇಳಿದರೆ ಒಂದು ಮರಕ್ಕೆ ಇಷ್ಟು ಎಂದು ಹೇಳುತ್ತಾರೆ, ನಾಳೆ ಬರುತ್ತೇನೆ ಎನ್ನುತ್ತಾರೆ, ಆ ನಾಳೆ ಬರುವುದಿಲ್ಲ. ಅವರ ಮಕ್ಕಳೂ ಪೀಣ್ಯದಲ್ಲಿದ್ದಾರೆ, ಇರಬೇಕಾದದ್ದೇ. ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಅಪ್ಪನನ್ನು ಕಂಡವರು ಅವರು. ಉಳಿದವರಿಗೆ ದೋಟಿ ಇದೆ, ಇಲ್ಲವಾದರೆ ಕಾಯಿ ತಾನಾಗಿ ಉದುರುವವರೆಗೆ ಕಾಯುವ ತಾಳ್ಮೆ ಇದೆ. ಉಂಡೆ ಕೊಬ್ಬರಿಗೆ ಪೂರ್ತಿ ಬಲಿತು ಉದುರಿದ ಕಾಯಿಯೇ ಒಳ್ಳೆಯದೆಂದು ನಮ್ಮ ಸೋಮಾರಿತನಕ್ಕೆ ಶಾಸ್ತ್ರದ ಬೆಂಬಲವೂ ಇದೆ.

ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಕಣ್ಣೂರಿನ ಕಡೆಯ ಚೆಂಬೇರಿ ಜೋಸೆಫ್ ಎಂಬ ರೈತರು ಮಾಡಿದ, ಎರಡು ಕಾಲಿಗೆ ತೊಡಿಸಿ ಮೆಟ್ಟಿಲು ಹತ್ತುವಂತೆ ಹತ್ತುವ ಸಾಧನ ಕೇರಳದಾಚೆಗೂ ಹೋಯಿತು. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತೆಂಗಿನ ಮರದ ಸ್ನೇಹಿತರು ಎಂಬ ತರಬೇತಿಯಲ್ಲಿ ಇಂಥ ಸಾಧನಗಳನ್ನು ಹೆಂಗಸರಿಗೂ ಕಲಿಸಿತು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಗಣಪತಿ ಭಟ್ಟರು ಅಡಿಕೆ ಮರಕ್ಕೆ ಹತ್ತುವ ಬೈಕು ಮಾಡಿದರು. 2019ರಲ್ಲಿ ಅದರ ವಿಡಿಯೊ ಎಲ್ಲರ ಫೋನಿನಲ್ಲೂ ಓಡಾಡಿತು. ಅಡಿಕೆ ಮರ ತೆಳ್ಳಗೆ ನೆಟ್ಟಗಿರುತ್ತದೆ, ಬೈಕಿನ ಹಿಡಿತಕ್ಕೆ ಸಿಗುತ್ತದೆ. ತೆಂಗು ಬುಡದಲ್ಲಿ ಆನೆಕಾಲು, ನಡುವೆ ಡೊಂಕು, ತಲೆಯಲ್ಲಿ ಜಟೆ. ಕೇರಳದ ಅಮೃತ ವಿಶ್ವವಿದ್ಯಾಪೀಠದವರು 'ಅಮರನ್' ಎಂಬ ರೋಬೊ ಮಾಡಿ ಕೆಳಗಿನಿಂದಲೇ ನಡೆಸಿ ಕಾಯಿ ಕೊಯ್ದು ತೋರಿಸಿದ್ದಾರೆ.

ಹತ್ತುವುದು ಅರ್ಧ ಕೆಲಸ. ಹತ್ತಿದವನು ಬೆರಳಲ್ಲಿ ಮೀಟಿ ಯಾವ ಗೊನೆ ಬಲಿತಿದೆ ಎಂದು ನೋಡುತ್ತಾನೆ. ಒಣಗಿದ ಗರಿ, ಕುರುಂಬಾಳೆ ತೆಗೆದು ತಲೆ ಹಸನು ಮಾಡುತ್ತಾನೆ. ಸುಳಿಯಲ್ಲಿ ದುಂಬಿ ಕೊರೆದ ತೂತು ಕಂಡರೆ ಕಂಬಿಯಿಂದ ಎಳೆದು ಹಾಕುತ್ತಾನೆ. ಇಲಿ ಗೂಡು ಕಟ್ಟಿದೆಯೆಂದು ಮೇಲಿನಿಂದಲೇ ಕೂಗುತ್ತಾನೆ. ಮರದ ತುದಿಯಿಂದ ಮೂರು ತೋಟಗಳಾಚೆ ಯಾರ ಮನೆ ಮುಂದೆ ಚಪ್ಪರ ಎದ್ದಿದೆ ಎಂಬುದನ್ನೂ ನೋಡಿ ಹೇಳುತ್ತಾನೆ. ಕೆಳಗೆ ನಿಂತು ನೋಡುವವನಿಗೆ ಮರದ ಕಾಯಿಲೆ ಗೊತ್ತಾಗುವುದು ಗರಿ ಜೋತು ಬಿದ್ದ ಮೇಲೆ, ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಯಂತ್ರಕ್ಕೆ ಇದಿಷ್ಟನ್ನೂ ಕಲಿಸಬೇಕು.

ಮೊನ್ನೆ ಚಿಕ್ಕಪ್ಪ ಜಗಲಿಯ ಮೇಲೆ ಕೂತು ಆ ರೋಬೊದ ವಿಡಿಯೊ ನೋಡುತ್ತಿದ್ದ. ಗೆಣ್ಣಿನಿಂದ ತಟ್ಟಿ ಹಿಂದಕ್ಕೆ ಎಳೆದು ಮತ್ತೆ ನೋಡಿದ. ರೋಬೊ ಕಾಂಡವನ್ನು ತಬ್ಬಿ ಮೇಲೇರುತ್ತದೆ, ತೋಳು ಚಾಚುತ್ತದೆ, ಗೊನೆ ಧೊಪ್ಪೆಂದು ಬೀಳುತ್ತದೆ. ಈ ಸಲ ಅವನ ಪ್ರಶ್ನೆಯನ್ನು ಅವನಿಗೇ ಕೇಳಿದೆ: ಇದು ಬಂದ್ರೆ ಯಾರು ಬರೋದು ನಿಲ್ತದೆ?

"ನಿಲ್ಲೋಕೆ ಇನ್ಯಾರವ್ರೆ?" ಎಂದ. "ಇದುನ್ನ ಮಾತ್ರ ಕಣ್ ಮುಚ್ಕಂಡು ತಗಬೋದು. ರೇಟು ಎಷ್ಟಂತೆ, ಕೇಳು."